ನಾಯಿಯ ಪಾಲಿನ ಸಾರು

ಮನೆಯಲ್ಲಿ ನಾಯಿಯನ್ನು ಸಾಕಿದವರೆಲ್ಲರಿಗೂ ಒಂದು ಅನುಭವವುಂಟು. ಒಲೆಯ ಮೇಲೆ ಮಾಂಸದ ಸಾರು ಕುದಿಯಲಾರಂಭಿಸಿದ ಕೂಡಲೆ, ಹಿತ್ತಿಲಲ್ಲಿ ಮಲಗಿದ್ದ ನಾಯಿಯು ಎದ್ದು ಬಂದು ಅಡಿಗೆಮನೆಯ ಹೊಸಿಲ ಹೊರಗೆ ಕುಳಿತುಬಿಡುವುದು. ಅದನ್ನು ಕರೆದವರಿಲ್ಲ, ಆದರೂ ಅದಕ್ಕೆ ಗೊತ್ತು. ಮುಂಗಾಲುಗಳ ಮೇಲೆ ಗದ್ದವನ್ನಿರಿಸಿ, ಒಲೆಯ ಕಡೆಗೊಮ್ಮೆ, ಮನೆಯಾಕೆಯ ಮುಖದ ಕಡೆಗೊಮ್ಮೆ ನೋಡುವ ಅದರ ದೃಷ್ಟಿಯನ್ನು ಲಕ್ಷ್ಯಕ್ಕೆ ತಾರದೆ ಊಟಕ್ಕೆ ಕೂರುವಷ್ಟು ಕಠಿನಹೃದಯರು ನಮ್ಮಲ್ಲಿ ಬಹಳ ಮಂದಿಯಿಲ್ಲ. ಆದುದರಿಂದ ಒಂದು ಸೌಟು ಸಾರು, ಅದರಲ್ಲಿ ಕಲಸಿದ ಒಂದು ಹಿಡಿ ಅನ್ನ, ಎರಡು ಮೂಳೆ, ಇಷ್ಟು ಅದರ ತಟ್ಟೆಗೆ ಬೀಳುವುದು. ಅದು ತಟ್ಟೆಯನ್ನು ಬೆಳಗಿದಂತೆ ನೆಕ್ಕಿಡುವುದು. ಮೂಕಪ್ರಾಣಿಗೆ ಅನ್ನವಿಟ್ಟ ತೃಪ್ತಿ ನಮಗೂ ಉಂಟಾಗುವುದು. ಈ ತೃಪ್ತಿಯ ವಿಷಯವಾಗಿಯೇ ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದು ಈ ಲೇಖನಕ್ಕೆ ಕೈಹಾಕಿದ್ದೇವೆ.

ನಾಯಿಯೊಡನೆ ನಮ್ಮ ನಾಡಿನವರ ಋಣಾನುಬಂಧವು ಇಂದು ನೆನ್ನೆಯದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರೀ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಶಿಲಾಶಾಸನವನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ತಕ್ಕೋಲದ ಯುದ್ಧದಲ್ಲಿ ಶೌರ್ಯವನ್ನು ತೋರಿದ ಮಣಲೆರನೆಂಬ ವೀರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದನಂತೆ. ಆತನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಮುಂದೆ ಆ ಕಾಳಿಯು ಕಾಡುಹಂದಿಯೊಂದಿಗೆ ಸೆಣಸಿ, ಹಂದಿಯೂ ನಾಯಿಯೂ ಒಟ್ಟಿಗೆ ಮಡಿಯಲು, ಮಣಲೆರನು ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಪೂಜೆ ನಡೆಯುವಂತೆ ಭೂಮಿಯನ್ನೂ ಬಿಡಿಸಿದನು. ನಾಯಿಗೆ ಕಲ್ಲು ನೆಟ್ಟು ಪೂಜಿಸಿದ ಸೀಮೆಯವರು ನಾವು. ನಮಗೆ ನಾಯಿಯ ಮೇಲೆ ವಿಶ್ವಾಸವಿಲ್ಲವೆಂದು ಯಾರೂ ಹೇಳಲಾರರು. ಆದರೆ ವಿಶ್ವಾಸವು ಎಷ್ಟೇ ಇದ್ದರೂ, ಅದರ ಜೊತೆಗೆ ಸ್ವಲ್ಪ ತಿಳಿವಳಿಕೆಯೂ ಸೇರದಿದ್ದರೆ, ಒಂದೊಂದು ವೇಳೆ ಅದೇ ಪ್ರಾಣಿಯ ಪ್ರಾಣಕ್ಕೆ ಸಂಚಕಾರ ತರುವುದುಂಟು.

ಕೆಲವು ವರ್ಷಗಳ ಹಿಂದೆ ನಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳುವೆವು. ನಮ್ಮ ನೆರೆಮನೆಯಲ್ಲಿ ವೃದ್ಧೆಯಾದ ಒಬ್ಬ ತಾಯಿ ಇದ್ದರು. ಮಕ್ಕಳು ಉದ್ಯೋಗನಿಮಿತ್ತವಾಗಿ ದೂರದ ಊರುಗಳಲ್ಲಿದ್ದರು. ಮನೆಯಲ್ಲಿ ಆಕೆಯೂ, ಪಾಮರೇನಿಯನ್ ಜಾತಿಯ ಬಿಳಿಯ ಪುಟ್ಟ ನಾಯಿಯೊಂದೂ ಇಬ್ಬರೇ. ನಾಯಿಯ ಹೆಸರು ಮುತ್ತು. ಅದರ ತೂಕ ಆರು ಕಿಲೋ ಇದ್ದೀತು. ಒಂದು ಮಳೆಗಾಲದಲ್ಲಿ ಮುತ್ತುವಿಗೆ ಶೀತವಾಗಿ, ಅದು ಊಟವನ್ನು ಬಿಟ್ಟು ಮೂಲೆ ಹಿಡಿಯಿತು. ಆ ತಾಯಿಗೆ ಹೊಳೆದದ್ದು, ತಮ್ಮ ಮಕ್ಕಳಿಗೆ ಶೀತವಾದಾಗ ಮಾಡುತ್ತಿದ್ದ ಉಪಚಾರವೇ. ಕೋಳಿಯನ್ನು ತರಿಸಿ, ಈರುಳ್ಳಿ ಬೆಳ್ಳುಳ್ಳಿಗಳನ್ನು ಧಾರಾಳವಾಗಿ ಜಜ್ಜಿ ಹಾಕಿ, ಮೆಣಸು ಕುಟ್ಟಿ, ಬೀದಿಗೆಲ್ಲ ಗಮಗಮಿಸುವಂತೆ ಸಾರು ಮಾಡಿದರು. ದಿನಕ್ಕೆರಡಾವರ್ತಿ, ನಾಲ್ಕು ದಿನ, ತೊಡೆಯ ಮೇಲಿಟ್ಟುಕೊಂಡು ಕುಡಿಸಿದರು. ಬೆಂದ ಈರುಳ್ಳಿಯು ಮೆತ್ತಗೆ ಇರುವುದಲ್ಲವೇ ಎಂದು ಅದನ್ನೂ ಹಿಸುಕಿ ಅನ್ನದೊಡನೆ ಕಲಸಿ ತಿನ್ನಿಸಿದರು. ಸಾರಿನ ವಾಸನೆಗೆ ಮುತ್ತುವೂ ಆಸೆಪಟ್ಟು ತಿಂದಿತು. ಶೀತವು ಇಳಿಯಿತು. ಆದರೆ ಐದನೆಯ ದಿನ ಬೆಳಿಗ್ಗೆ ಅದು ಎರಡು ಮೆಟ್ಟಿಲು ಹತ್ತಲಾರದೆ ನಡುವೆ ಕುಳಿತುಬಿಟ್ಟಿತು. ಮಲಗಿದ್ದಲ್ಲಿಯೇ ಏದುಸಿರು. ಒಸಡುಗಳು ಸುಣ್ಣದಂತೆ ಬೆಳ್ಳಗಾಗಿದ್ದವು. ಮೂತ್ರದ ಬಣ್ಣವು ಕಾಫಿಯ ಕಷಾಯದಂತಿತ್ತು.

ಆ ತಾಯಿಯೊಡನೆ ಪಶುವೈದ್ಯರಲ್ಲಿಗೆ ನಾವೂ ಹೋದೆವು. ವೈದ್ಯರು ಒಸಡನ್ನೂ ಕಣ್ಣಿನ ರೆಪ್ಪೆಯ ಒಳಭಾಗವನ್ನೂ ನೋಡಿ, ಒಂದೆರಡು ತೊಟ್ಟು ರಕ್ತವನ್ನು ತೆಗೆದುಕೊಂಡು ಒಳಗೆ ಹೋಗಿ ಪರೀಕ್ಷಿಸಿ ಬಂದು ಕೇಳಿದರು: “ಅಮ್ಮ, ಈ ವಾರ ಇದಕ್ಕೆ ಏನೇನು ತಿನ್ನಿಸಿದಿರಿ?”

“ವಿಷ ಹಾಕುವವಳೇನಪ್ಪ ನಾನು? ನನ್ನ ಮಕ್ಕಳಿಗೆ ಏನು ಮಾಡಿ ಹಾಕುತ್ತಿದ್ದೆನೋ ಅದನ್ನೇ ಮಾಡಿ ಹಾಕಿದೆ.”

ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ಮೆಲ್ಲನೆ, “ಮಕ್ಕಳಿಗೆ ಆಗಿಬರುವ ಸಾರು ಇದಕ್ಕೆ ಆಗಿಬರುವುದಿಲ್ಲ ತಾಯಿ, ಈರುಳ್ಳಿಯು ಇದರ ರಕ್ತವನ್ನು ಒಡೆಯುತ್ತಿದೆ” ಎಂದರು. ಆ ಮಾತನ್ನು ಕೇಳಿದಾಗ ಆಕೆಯ ಮುಖದಲ್ಲಿ ತೋರಿದ ಕಳವಳವನ್ನು ನಾವು ಇಂದಿಗೂ ಮರೆತಿಲ್ಲ. ಅದೃಷ್ಟವಶಾತ್ ಮುತ್ತು ಬದುಕಿತು. ಇದಕ್ಕೆ ಪ್ರತಿವಿಷವೆಂಬುದೊಂದಿಲ್ಲ. ನರದ ಮೂಲಕ ದ್ರವವನ್ನು ಕೊಟ್ಟು, ಅಲುಗಾಡದಂತೆ ಮಲಗಿಸಿ, ದೇಹವು ಹೊಸ ರಕ್ತವನ್ನು ತಯಾರಿಸಿಕೊಳ್ಳುವವರೆಗೂ ಕಾಯುವುದೇ ಚಿಕಿತ್ಸೆ. ಕೆಲವು ನಾಯಿಗಳಿಗೆ ಬೇರೆ ನಾಯಿಯ ರಕ್ತವನ್ನೇ ಕೊಡಬೇಕಾಗುವುದು. ಮೂರನೆಯ ವಾರ ಮುತ್ತು ಮತ್ತೆ ಬಾಲವಾಡಿಸುತ್ತ ಜಗಲಿಗೆ ಬಂದಿತು.

ಹೀಗೇಕಾಗುವುದು? ಈರುಳ್ಳಿ, ಬೆಳ್ಳುಳ್ಳಿ, ಈರುಳ್ಳಿಯ ಹೂವು, ಇವೆಲ್ಲ ಒಂದೇ ಕುಲದವು. ಇವುಗಳ ಖಾರಕ್ಕೂ ಘಾಟಿಗೂ ಕಾರಣವಾದ ಗಂಧಕಯುಕ್ತ ಪದಾರ್ಥಗಳನ್ನು ನಮ್ಮ ದೇಹವು ತಾಳಿಕೊಳ್ಳಬಲ್ಲುದು; ನಾಯಿಯ ರಕ್ತದ ಕೆಂಪುಕಣಗಳು ತಾಳಿಕೊಳ್ಳಲಾರವು. ಆ ಕಣಗಳಲ್ಲಿ ಪ್ರಾಣವಾಯುವನ್ನು ಹೊರುವ ಪದಾರ್ಥವು ಕೆಟ್ಟು, ಸಣ್ಣ ಗಂಟುಗಳಾಗಿ ಕಣದ ಅಂಚಿಗೆ ಅಂಟಿಕೊಳ್ಳುವುದು. ಇಂತಹ ಗಂಟುಗಳನ್ನು ೧೮೯೦ರಲ್ಲಿ ವರ್ಣಿಸಿದ ರಾಬರ್ಟ್ ಹೈನ್ಜ್ ಎಂಬ ಜರ್ಮನ್ ವೈದ್ಯನ ಹೆಸರೇ ಅವಕ್ಕೆ ನಿಂತಿದೆ. ಹೀಗೆ ಕೆಟ್ಟ ಕಣಗಳು ಒಡೆದುಹೋಗುವುವು, ರಕ್ತವು ತೆಳುವಾಗುವುದು, ಒಡೆದ ಕಣಗಳ ಬಣ್ಣವೇ ಮೂತ್ರದಲ್ಲಿ ಇಳಿಯುವುದು. ನಾಯಿಗಳಿಗೆ ಈರುಳ್ಳಿಯನ್ನು ತಿನ್ನಿಸಿದರೆ ರಕ್ತಹೀನತೆಯುಂಟಾಗುವುದೆಂದು ಅಮೇರಿಕಾ ದೇಶದ ಸಾರ್ವಜನಿಕ ಆರೋಗ್ಯ ಇಲಾಖೆಯ ಸೆಬ್ರೆಲ್ ಎಂಬವರು ೧೯೩೦ರಲ್ಲಿಯೇ ಪ್ರಕಟಿಸಿದ್ದರು. ಅಂದಿನಿಂದ ಇಷ್ಟು ವರ್ಷಗಳು ಕಳೆದಿದ್ದರೂ ಈ ವಿಷಯವು ನಮ್ಮ ಅಡಿಗೆಮನೆಗಳ ಹೊಸಿಲನ್ನು ಸರಿಯಾಗಿ ದಾಟಿ ಬಂದಿಲ್ಲ.

ಇಲ್ಲಿ ಎರಡು ಅಂಶಗಳನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು, ಬೇಯಿಸಿದರೆ ಈ ದೋಷವು ಹೋಗುವುದಿಲ್ಲ. ಹಸಿಯಾಗಲಿ, ಹುರಿದದ್ದಾಗಲಿ, ಸಾರಿನಲ್ಲಿ ಕರಗಿಹೋದದ್ದಾಗಲಿ, ಒಣಗಿಸಿ ಪುಡಿಮಾಡಿದ್ದಾಗಲಿ, ಎಲ್ಲವೂ ಒಂದೇ. ಪುಡಿಯಲ್ಲಿ ನೀರು ಇಲ್ಲದಿರುವುದರಿಂದ ಅದು ಇನ್ನೂ ತೀವ್ರ. ಈರುಳ್ಳಿಯ ಚೂರುಗಳನ್ನು ಆರಿಸಿ ತೆಗೆದು ಬರಿಯ ಸಾರನ್ನು ಹಾಕಿದೆವೆಂದು ನೆಮ್ಮದಿಯಿಂದಿರುವಂತಿಲ್ಲ. ಅದರ ಸತ್ತ್ವವೆಲ್ಲ ಸಾರಿಗೆ ಇಳಿದಿರುವುದು. ಎರಡನೆಯದು, ಇದರ ಲಕ್ಷಣಗಳು ತಿಂದ ದಿನವೇ ಕಾಣಿಸಿಕೊಳ್ಳಬೇಕೆಂಬ ನಿಯಮವಿಲ್ಲ; ಹಲವು ದಿನಗಳ ಮೇಲೆ ತೋರುವುದೇ ಹೆಚ್ಚು. ಭಾನುವಾರ ಉಂಡ ಸಾರಿಗೂ ಗುರುವಾರ ಬಂದ ನಿಶ್ಶಕ್ತಿಗೂ ಸಂಬಂಧವನ್ನು ಕಲ್ಪಿಸುವವರು ಯಾರು? ಆದುದರಿಂದಲೇ ಎಷ್ಟೋ ಮನೆಗಳಲ್ಲಿ “ಏನೋ ರೋಗ ಬಂದಿತು, ಹೋಯಿತು” ಎಂಬಲ್ಲಿಗೆ ಮಾತು ಮುಗಿಯುವುದು.

ಮುತ್ತು ಗುಣವಾದ ಮೇಲೆ ಆ ತಾಯಿ ನಮ್ಮನ್ನು ಒಂದು ಪ್ರಶ್ನೆ ಕೇಳಿದರು. “ನಮ್ಮ ಹಳ್ಳಿಯ ಮನೆಯಲ್ಲಿ ನಾಯಿಗಳು ನಾವು ಉಂಡು ಮಿಕ್ಕ ಸಾರನ್ನೇ ಉಂಡು ಬೆಳೆದವು. ಅವಕ್ಕೆ ಏನೂ ಆಗಲಿಲ್ಲವಲ್ಲ?” ಪ್ರಶ್ನೆಯು ನ್ಯಾಯವಾದದ್ದೇ, ವಾಚಕರ ಮನಸ್ಸಿನಲ್ಲಿಯೂ ಇದೇ ಮಾತು ಎದ್ದಿರಬಹುದು. ಉತ್ತರವು ಪ್ರಮಾಣದಲ್ಲಿದೆ. ನಾಯಿಯ ತೂಕದ ಪ್ರತಿ ಕಿಲೋವಿಗೆ ೧೫ರಿಂದ ೩೦ ಗ್ರಾಂ ಈರುಳ್ಳಿ ಹೊಟ್ಟೆಗೆ ಹೋದರೆ ರಕ್ತದಲ್ಲಿ ಗಣನೀಯವಾದ ಕೆಡಕು ಕಾಣುವುದೆಂದು ಪಶುವೈದ್ಯರು ಲೆಕ್ಕ ಕೊಡುವರು. ಇಪ್ಪತ್ತು ಕಿಲೋ ತೂಗುವ ಹಳ್ಳಿಯ ನಾಯಿಗೆ ೩೦೦ ಗ್ರಾಂ ಈರುಳ್ಳಿಯಾಗಬೇಕು. ಆರು ಕಿಲೋ ತೂಗುವ ಮುತ್ತುವಿಗೆ ೯೦ ಗ್ರಾಂ, ಎಂದರೆ ಒಂದು ಸಾಧಾರಣ ಗಾತ್ರದ ಗಡ್ಡೆ ಸಾಕು. ಹಳ್ಳಿಯ ನಾಯಿಯ ಪಾಲಿಗೆ ಬರುತ್ತಿದ್ದುದು ಹೆಚ್ಚಾಗಿ ರಾಗಿಮುದ್ದೆ. ಸಾರು ಅದಕ್ಕೆ ಸೋಕಿದಷ್ಟು ಮಾತ್ರ. ಅಲ್ಲದೆ ಹಳ್ಳಿಯಲ್ಲಿ ನಾಯಿಯೊಂದು ಸೊರಗಿ ಹಿತ್ತಿಲಲ್ಲಿ ಸತ್ತರೆ, ಅದರ ರಕ್ತವನ್ನು ಪರೀಕ್ಷಿಸಿ ಕಾರಣವನ್ನು ಕೇಳಿದವರಿಲ್ಲ. ಬದುಕಿದ ನಾಯಿಗಳು ನಮ್ಮ ನೆನಪಿನಲ್ಲಿವೆ; ಸತ್ತ ನಾಯಿಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಒಂದೇ ಸಾರಿ ಹೆಚ್ಚಾಗಿ ತಿಂದರೆ ಮಾತ್ರ ಕೇಡೆಂದೂ ತಿಳಿಯಬಾರದು. ಸ್ವಲ್ಪಸ್ವಲ್ಪವಾಗಿ ದಿನವೂ ತಿನ್ನಿಸಿದರೂ ಅದು ಕೂಡುತ್ತ ಹೋಗುವುದು.

ಇನ್ನು ಹುಣಿಸೆಯ ಮಾತು. ಹುಣಿಸೆಯಿಲ್ಲದ ಸಾರು ನಮ್ಮ ಸೀಮೆಯಲ್ಲಿ ಅನೇಕರಿಗೆ ಸಾರೇ ಅಲ್ಲ. ದ್ರಾಕ್ಷಿಯನ್ನೋ ಒಣದ್ರಾಕ್ಷಿಯನ್ನೋ ತಿಂದ ಕೆಲವು ನಾಯಿಗಳ ಮೂತ್ರಪಿಂಡಗಳು ಕೆಲಸವನ್ನು ನಿಲ್ಲಿಸಿಬಿಡುವುದು ವೈದ್ಯರಿಗೆ ಮೊದಲೇ ತಿಳಿದಿತ್ತು. ಕಾರಣ ಮಾತ್ರ ಗೊತ್ತಿರಲಿಲ್ಲ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ೨೦೨೧ರಲ್ಲಿ ಅಮೇರಿಕಾದ ಪಶುವೈದ್ಯರು ಸೂಚಿಸಿದರು. ೨೦೨೨ರಲ್ಲಿ, ಹುಣಿಸೆಯನ್ನು ತಿಂದು ಅದೇ ರೀತಿ ಮೂತ್ರಪಿಂಡಗಳು ಕೆಟ್ಟ ನಾಯಿಗಳ ವರದಿಯೂ ಪ್ರಕಟವಾಯಿತು. ಹುಣಿಸೆಯ ಹುಳಿಗೆ ಮುಖ್ಯಕಾರಣವೂ ಇದೇ ಆಮ್ಲ. ಒಂದು ಸೌಟು ಹುಳಿಸಾರಿನಿಂದ ಅಪಾಯವಾಗಿಯೇ ತೀರುವುದೆಂದು ನಾವು ಹೇಳುವುದಿಲ್ಲ. ಆದರೆ ಹುಣಿಸೆಯಿಂದ ನಾಯಿಗೆ ಆಗಬೇಕಾದ ಉಪಕಾರವೊಂದೂ ಇಲ್ಲದಿರುವಾಗ, ಅದರ ಪಾಲಿನಲ್ಲಿ ಹುಣಿಸೆಯನ್ನು ಸೇರಿಸದಿರುವುದೇ ವಿವೇಕ.

ಉಪ್ಪು ಖಾರಗಳ ವಿಷಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಮನುಷ್ಯನ ನಾಲಗೆಯ ಮೇಲೆ ರುಚಿಯನ್ನು ತಿಳಿಯುವ ಮೊಗ್ಗುಗಳು ಸುಮಾರು ೯,೦೦೦ ಇದ್ದರೆ, ನಾಯಿಯ ನಾಲಗೆಯಲ್ಲಿರುವುವು ಸುಮಾರು ೧,೭೦೦. ಅದು ಊಟವನ್ನು ಸವಿಯುವುದು ಮೂಗಿನಿಂದ. ಉಪ್ಪು ಸಾಲದೆಂದು ಅದು ತಟ್ಟೆಯನ್ನು ತಳ್ಳುವುದಿಲ್ಲ. ಒಗ್ಗರಣೆ ಇಲ್ಲವೆಂದು ಮುನಿಯುವುದಿಲ್ಲ. ಹದವಾಗಿ ಉಪ್ಪು ಬಿದ್ದ ಸಾರಿನಿಂದ ಆರೋಗ್ಯವಂತ ನಾಯಿಗೆ ಬಾಯಾರಿಕೆಯೇ ಹೆಚ್ಚಾಗಬಹುದು. ಹೃದಯದ ಅಥವಾ ಮೂತ್ರಪಿಂಡದ ರೋಗವಿರುವ ನಾಯಿಗಾದರೋ ಅದು ಕೇಡು. ಉಪ್ಪಿನ ಪ್ರಸ್ತಾಪ ಬಂದುದರಿಂದ ಮತ್ತೊಂದು ಮಾತನ್ನೂ ಹೇಳಿಬಿಡುವೆವು. ನಾಯಿಯು ತಿನ್ನಬಾರದುದನ್ನು ತಿಂದಾಗ, ವಾಂತಿ ಮಾಡಿಸಲೆಂದು ಉಪ್ಪುನೀರನ್ನು ಕುಡಿಸುವ ಅಭ್ಯಾಸವು ಕೆಲವರಲ್ಲಿದೆ. ಇದು ಬಹಳ ಅಪಾಯಕರ. ತೂಕದ ಪ್ರತಿ ಕಿಲೋವಿಗೆ ೨–೩ ಗ್ರಾಂ ಉಪ್ಪು ನಾಯಿಗೆ ವಿಷವಾಗುವುದು. ಒಂದು ದೊಡ್ಡ ಚಮಚ ಉಪ್ಪೆಂದರೆ ಸುಮಾರು ೧೮ ಗ್ರಾಂ. ಮುತ್ತುವಿನಂತಹ ಪುಟ್ಟ ನಾಯಿಗೆ ಆ ಒಂದು ಚಮಚವೇ ಸಾಕೆಂದು ವಾಚಕರೇ ಲೆಕ್ಕ ಹಾಕಿಕೊಳ್ಳಬಹುದು.

ಕೊಬ್ಬಿನ ವಿಷಯದಲ್ಲಿಯೂ ನಮ್ಮ ಉದಾರತೆಯು ಎಲ್ಲೆ ಮೀರುವುದುಂಟು. ಹಬ್ಬದ ಮಾರನೆಯ ದಿನ ಪಾತ್ರೆಯ ಮೇಲೆ ನಿಂತ ಜಿಡ್ಡನ್ನು ನಾವು ತಿನ್ನಲಾರೆವು. ನಾಯಿಯಾದರೂ ತಿನ್ನಲೆಂದು ಅದರ ತಟ್ಟೆಗೆ ಬಗ್ಗಿಸುವೆವು. ಅಭ್ಯಾಸವಿಲ್ಲದ ಕೊಬ್ಬು ಒಮ್ಮೆಲೆ ಹೊಟ್ಟೆಗೆ ಬಿದ್ದರೆ ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿಯು ಊದಿಕೊಂಡು ಉರಿಯೇಳುವುದು. ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ನಿಂತು, ಮೇಲಿಂದ ಮೇಲೆ ವಾಂತಿ ಮಾಡಿಕೊಂಡು, ಹೊಟ್ಟೆಯನ್ನು ಮುಟ್ಟಗೊಡದೆ ನರಳುವ ನಾಯಿಯನ್ನು ಕಂಡವರು ಮತ್ತೆಂದೂ ಆ ಜಿಡ್ಡನ್ನು ಅದರ ತಟ್ಟೆಗೆ ಬಗ್ಗಿಸಲಾರರು.

ಮೂಳೆಯ ಮಾತನ್ನು ಹೇಳಿದರೆ ವಾಚಕರಲ್ಲಿ ಅನೇಕರು ನಗಬಹುದು. ನಾಯಿಗೆ ಮೂಳೆ ಬೇಡವೆನ್ನುವುದು ಆನೆಗೆ ಕಬ್ಬು ಬೇಡವೆಂದಂತೆ ತೋರುವುದು ಸಹಜ. ಆದರೆ ಬೆಂದ ಮೂಳೆಯ ಸ್ವಭಾವವೇ ಬೇರೆ. ಮೂಳೆಯಲ್ಲಿ ಸುಣ್ಣದ ಅಂಶವೂ, ಅದನ್ನು ಬಿರುಕುಬಿಡದಂತೆ ಬಿಗಿದು ಹಿಡಿದಿರುವ ನಾರಿನಂತಹ ಅಂಶವೂ ಸೇರಿರುತ್ತವೆ. ಬಹಳ ಹೊತ್ತು ಕುದಿಸಿದಾಗ ಆ ನಾರಿನ ಅಂಶವು ಕರಗಿ ಸಾರಿಗೆ ಇಳಿಯುವುದು. ತಣ್ಣಗಾದ ಸಾರು ಗಡ್ಡೆಕಟ್ಟುವುದು ಅದರಿಂದಲೇ. ಸಾರಿಗೆ ಬಂದ ಗುಣವು ಮೂಳೆಯಿಂದ ಹೋದಂತಾಯಿತು. ಉಳಿದ ಮೂಳೆಯು ಪೆಡಸಾಗಿ, ಕಚ್ಚಿದರೆ ಸೂಜಿಯಂತಹ ಚೂರುಗಳಾಗಿ ಸೀಳುವುದು. ಆ ಚೂರು ಗಂಟಲಿನಲ್ಲಿ ನಾಟಬಹುದು, ಕರುಳನ್ನು ತೂತು ಮಾಡಬಹುದು. ಕೋಳಿಯ ಮೂಳೆಯು ಇದರಲ್ಲಿ ವಿಶೇಷವಾಗಿ ಕೆಟ್ಟದ್ದು. ಸಾರಿಗೆ ಹಾಕಿದ ಮೂಳೆಯನ್ನು ಎಣಿಸಿ ತೆಗೆದು ಬಿಸುಡಬೇಕೇ ಹೊರತು ನಾಯಿಗೆ ಹಾಕಕೂಡದು. ಅದು ಕಸದ ಬುಟ್ಟಿಯನ್ನು ಕೆದಕಿ ತಿನ್ನದಂತೆಯೂ ನೋಡಿಕೊಳ್ಳಬೇಕು.

ಇಷ್ಟೆಲ್ಲ ನಿಷೇಧಗಳನ್ನು ಓದಿ, “ಹಾಗಾದರೆ ನಾಯಿಗೆ ಸಾರೇ ಬೇಡವೇ?” ಎಂದು ವಾಚಕರು ಕೇಳಬಹುದು. ಹಾಗಲ್ಲ. ತಿಳಿಯಾದ, ಸಪ್ಪೆಯಾದ ಸಾರು ನಾಯಿಗೆ ಹಿತವೇ. ಊಟವನ್ನು ಬಿಟ್ಟ ನಾಯಿಯು ಅದರ ವಾಸನೆಗೆ ಬಾಯಿ ಹಾಕುವುದು. ನೀರನ್ನು ಕಡಿಮೆ ಕುಡಿಯುವ ನಾಯಿಯ ಹೊಟ್ಟೆಗೆ ಅದರ ನೆಪದಿಂದ ನೀರು ಸೇರುವುದು. ಹಲ್ಲು ಸವೆದ ಮುದಿನಾಯಿಗೆ ಗಟ್ಟಿಯ ಆಹಾರವನ್ನು ನೆನೆಸಿ ಕೊಡಲು ಅನುಕೂಲವಾಗುವುದು. ಆದರೆ ಅದನ್ನೇ ಪೂರ್ಣಾಹಾರವೆಂದು ನಂಬಬಾರದು. ಈ ಪಾಠವನ್ನು ಲೋಕಕ್ಕೆ ಕಲಿಸಿದುದೂ ನಾಯಿಗಳೇ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪ್ಯಾರಿಸ್ ನಗರದ ದಾರ್ಸೆ ಎಂಬ ರಸಾಯನಶಾಸ್ತ್ರಜ್ಞನು, ಮೂಳೆಗಳಿಂದ ಜೆಲಟಿನ್ ಎಂಬ ಅಂಟುಪದಾರ್ಥವನ್ನು ತೆಗೆದು, ಅದರ ಸಾರಿನಿಂದ ಆಸ್ಪತ್ರೆಗಳ ಬಡರೋಗಿಗಳನ್ನು ಪೋಷಿಸಬಹುದೆಂದು ಸಾರಿದನು. ಇದರ ಸತ್ಯಾಸತ್ಯವನ್ನು ತಿಳಿಯಲು ಅಲ್ಲಿನ ವಿಜ್ಞಾನ ಅಕಾಡೆಮಿಯು ಒಂದು ಸಮಿತಿಯನ್ನು ನೇಮಿಸಿತು. ಸಮಿತಿಯ ಮುಂದಾಳಾದ ಮಾಜಾಂದಿ ಎಂಬ ಶರೀರಶಾಸ್ತ್ರಜ್ಞನು ನಾಯಿಗಳಿಗೆ ಜೆಲಟಿನ್ನನ್ನು ತಿನ್ನಿಸಿ ಪರೀಕ್ಷಿಸಿದನು; ಅದೊಂದರಿಂದಲೇ ನಾಯಿಗಳು ಬದುಕಲಾರವೆಂದು ೧೮೪೧ರ ವರದಿಯಲ್ಲಿ ತಿಳಿಸಿದನು. ೧೯೩೪ರಲ್ಲಿ ಇಂಗ್ಲೆಂಡಿನ ಮೆಕ್ಯಾನ್ಸ್ ಮತ್ತು ಅವರ ಸಂಗಡಿಗರು ಮೂಳೆಯ ಸಾರನ್ನು ಪರೀಕ್ಷಿಸಿ, ಜನರು ನಂಬಿರುವಷ್ಟು ಸುಣ್ಣದ ಅಂಶವು ಅದಕ್ಕೆ ಇಳಿಯುವುದಿಲ್ಲವೆಂದು ತೋರಿಸಿದರು. ಸಾರು ಊಟಕ್ಕೆ ಒತ್ತಾಸೆ, ಅದೇ ಊಟವಲ್ಲ. ದಿನದ ಆಹಾರದ ಬಲದಲ್ಲಿ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಇಂತಹ ಮೇಲುತಿಂಡಿಗಳಿಂದ ಬರಬಾರದೆಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಕಟ್ಟಳೆ.

ಈಗ ಮಾಡುವ ಕ್ರಮವನ್ನು ಹೇಳುವೆವು. ಮೂಳೆಸಹಿತವಾದ ಕೋಳಿಯ ಅಥವಾ ಕುರಿಯ ಮಾಂಸ ಅರ್ಧ ಕಿಲೋವಿಗೆ ಒಂದೂವರೆ ಲೀಟರು ನೀರನ್ನು ಹಾಕಿ, ಕಾಣುವ ಕೊಬ್ಬನ್ನೂ ಚರ್ಮವನ್ನೂ ಮೊದಲೇ ತೆಗೆದು, ಸಣ್ಣ ಉರಿಯಲ್ಲಿ ಒಂದೆರಡು ಗಂಟೆಯ ಹೊತ್ತು ಬೇಯಿಸಬೇಕು. ಬೇಕೆಂದರೆ ಸಿಹಿಗುಂಬಳದ ಹೋಳು, ಗಜ್ಜರಿ, ಹುರುಳಿಕಾಯಿಗಳನ್ನು ಸೇರಿಸಬಹುದು. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ, ಹುಣಿಸೆ, ಮಸಾಲೆ, ಇವಾವುವೂ ಬೇಡ. ಬೆಂದ ಮೇಲೆ ಜರಡಿಯಲ್ಲಿಯೋ ತೆಳುವಾದ ಬಟ್ಟೆಯಲ್ಲಿಯೋ ಸೋಸಬೇಕು. ಮಾಂಸವನ್ನು ಕೈಯಿಂದಲೇ ಬಿಡಿಸಿ, ಮೂಳೆಯ ಚೂರೊಂದೂ ಉಳಿಯದಂತೆ ಬೆರಳಿನಿಂದ ತಡವಿ ನೋಡಬೇಕು. ಸೋಸಿದ ಸಾರನ್ನು ಅಗಲವಾದ ಪಾತ್ರೆಗೆ ಹುಯ್ದು ಬೇಗನೆ ಆರಿಸಿ ಫ್ರಿಜ್ಜಿನಲ್ಲಿಟ್ಟರೆ, ಮೇಲೆ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟುವುದು; ಅದನ್ನು ಚಮಚದಿಂದ ಎತ್ತಿ ತೆಗೆದುಬಿಡಬೇಕು. ಕೆಳಗೆ ಉಳಿದ ತಿಳಿಯೇ ನಾಯಿಯ ಪಾಲು. ಆರು ಕಿಲೋ ತೂಗುವ ನಾಯಿಗೆ ಎರಡು ಮೂರು ದೊಡ್ಡ ಚಮಚ, ಇಪ್ಪತ್ತು ಕಿಲೋ ತೂಗುವುದಕ್ಕೆ ಅರ್ಧ ಲೋಟ, ಅದರ ನಿತ್ಯದ ಆಹಾರದ ಮೇಲೆ ಹುಯ್ದರೆ ಸಾಕು. ಹೊಸದಾಗಿ ಕೊಡುವವರು ಮೊದಲ ದಿನ ಒಂದು ಚಮಚದಿಂದ ಪ್ರಾರಂಭಿಸಿ ಮಲವನ್ನು ಗಮನಿಸುವುದು ಒಳ್ಳೆಯದು. ಕೊಡುವಾಗ ಸಾರು ಉಗುರುಬೆಚ್ಚಗಿರಬೇಕು. ಬಿಸಿಯಿದ್ದರೆ ವಾಸನೆಯ ಆಸೆಗೆ ನಾಯಿಯು ಕಾಯದೆ ಬಾಯಿ ಸುಟ್ಟುಕೊಳ್ಳುವುದು. ಪಕ್ಕದಲ್ಲಿ ತಿಳಿನೀರಿನ ಬಟ್ಟಲು ಯಾವಾಗಲೂ ಇರಬೇಕು.

ನಾಯಿಗೆಂದೇ ಬೇರೆ ಅಡಿಗೆಗೆ ಪುರುಸೊತ್ತು ಎಲ್ಲಿಂದ ಎಂದು ಗೃಹಿಣಿಯರು ಆಕ್ಷೇಪಿಸಬಹುದು. ಅದಕ್ಕೆ ಸುಲಭವಾದ ಉಪಾಯವುಂಟು. ನಮ್ಮ ಸಾರಿಗೂ ಮಾಂಸವು ಮೊದಲು ನೀರಿನಲ್ಲಿಯೇ ಬೇಯುವಂತೆ ಮಾಡಿ, ಉಪ್ಪೂ ಮಸಾಲೆಯೂ ಬೀಳುವುದಕ್ಕೆ ಮುಂಚೆ ಎರಡು ಸೌಟನ್ನು ತೆಗೆದು ಬದಿಗಿಟ್ಟರಾಯಿತು. ಬಸ್ಸಾರಿಗೆ ಕಟ್ಟನ್ನು ಬಸಿಯುವ ಕೈಗಳಿಗೆ ಈ ಕೆಲಸವನ್ನು ಹೇಳಿಕೊಡಬೇಕಾಗಿಲ್ಲ. ಅಂಗಡಿಯಲ್ಲಿ ದೊರೆಯುವ ಸೂಪಿನ ಪುಡಿ, ಸೂಪಿನ ಗಟ್ಟಿಗಳಿಂದ ಮಾತ್ರ ಈ ಕೆಲಸವನ್ನು ಮುಗಿಸಬಾರದು. ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳನ್ನು ಓದಿದರೆ, ಉಪ್ಪೂ, ಈರುಳ್ಳಿ ಬೆಳ್ಳುಳ್ಳಿಗಳ ಪುಡಿಯೂ ಸಾಮಾನ್ಯವಾಗಿ ಅಲ್ಲಿ ಕಾಣುವುವು.

ಮಾಂಸವನ್ನು ಮುಟ್ಟದ ಮನೆಯವರು ಇದರಿಂದ ಸಂಕೋಚಪಡಬೇಕಾಗಿಲ್ಲ. ತೊಗರಿಬೇಳೆಯನ್ನೋ ಹೆಸರುಬೇಳೆಯನ್ನೋ ಉಪ್ಪು ಹಾಕದೆ ಬೇಯಿಸಿ ಬಸಿದ ಕಟ್ಟು, ಸಿಹಿಗುಂಬಳ ಬೇಯಿಸಿದ ತಿಳಿ, ತೆಳ್ಳನೆಯ ರಾಗಿಗಂಜಿ, ಇವನ್ನೂ ನಾಯಿಯು ಸಂತೋಷದಿಂದ ನೆಕ್ಕುವುದು. ತೋಳಕ್ಕೆ ಹೋಲಿಸಿದರೆ ನಾಯಿಯು ಹಿಟ್ಟಿನ ಪದಾರ್ಥಗಳನ್ನು ಜೀರ್ಣಿಸಿಕೊಳ್ಳುವ ಶಕ್ತಿಯನ್ನು ಹೆಚ್ಚಾಗಿ ಪಡೆದಿದೆಯೆಂದು ೨೦೧೩ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿರುವರು. ಸಾವಿರಾರು ವರ್ಷಗಳ ಕಾಲ ನಮ್ಮ ಅನ್ನವನ್ನು ಹಂಚಿಕೊಂಡು ಉಂಡುದರ ಗುರುತು ಅದರ ಮೈಯಲ್ಲಿಯೇ ಉಳಿದಿದೆ. ಈರುಳ್ಳಿಯ ವಿಷಯದಲ್ಲಿ ಮಾತ್ರ ಅಂತಹ ಹೊಂದಾಣಿಕೆಯು ಆಗಿಲ್ಲ.

ಮಾಡಿದ ಸಾರನ್ನು ಇಟ್ಟುಕೊಳ್ಳುವ ರೀತಿಯೂ ಮುಖ್ಯವಾದುದು. ಮಾಂಸದ ತಿಳಿಯಲ್ಲಿ ಸೂಕ್ಷ್ಮಜೀವಿಗಳು ಬಹುಬೇಗ ಹೆಚ್ಚುವುವು. ಎರಡು ಗಂಟೆಗಿಂತ ಹೆಚ್ಚು ಹೊತ್ತು ಅದನ್ನು ಒಲೆಯ ಪಕ್ಕದಲ್ಲಿ ಬಿಡಬಾರದು. ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನಗಳಿಗಿಂತ ಹೆಚ್ಚಾಗಿ ಇಡಬಾರದು. ಹೆಚ್ಚು ಮಾಡಿದವರು ಮಂಜುಗಡ್ಡೆಯ ತಟ್ಟೆಯಲ್ಲಿ ಹುಯ್ದು ಗಟ್ಟಿಮಾಡಿಟ್ಟುಕೊಂಡು, ಬೇಕಾದಾಗ ಒಂದೆರಡು ಗಡ್ಡೆಗಳನ್ನು ತೆಗೆದು ಕುದಿಸಿ ಆರಿಸಿ ಕೊಡಬಹುದು. ಹಳಸಿದ ಸಾರನ್ನು ಮತ್ತೆ ಕುದಿಸಿದರೆ ಸರಿಹೋಗುವುದೆಂಬ ನಂಬಿಕೆಯು ತಪ್ಪು. ಜೀವಿಗಳು ಸತ್ತರೂ ಅವು ಬಿಟ್ಟ ಕೆಲವು ವಿಷಗಳು ಕುದಿತಕ್ಕೆ ಬಗ್ಗುವುದಿಲ್ಲ. ನಾವು ಉಣ್ಣಲು ಹೇಸುವುದನ್ನು ನಾಯಿಗೆ ಹಾಕುವುದು ಧರ್ಮವೂ ಅಲ್ಲ, ಮಿತವ್ಯಯವೂ ಅಲ್ಲ. ಬೀದಿಯ ನಾಯಿಗಳಿಗೆ ಅನ್ನವಿಡುವ ಪುಣ್ಯಾತ್ಮರೂ ಇದನ್ನು ನೆನೆಯಬೇಕು. ಮದುವೆಯ ಮನೆಯ ಬಿರಿಯಾನಿ ಮೂಳೆಗಳು ಬೀದಿನಾಯಿಯ ಕರುಳಿಗೆ ಮೃದುವಾಗುವುವೇನು?

ಕಾಯಿಲೆಯ ನಾಯಿಯ ವಿಷಯದಲ್ಲಿ ಕೊನೆಯ ಎಚ್ಚರಿಕೆಯೊಂದಿದೆ. ಅದು ತಾನಾಗಿ ನೆಕ್ಕಿದರೆ ಸರಿ. ಬಾಯನ್ನು ಬಿಡಿಸಿ ಸಾರನ್ನು ಹುಯ್ಯಕೂಡದು. ಹುಯ್ದ ದ್ರವವು ಶ್ವಾಸಕೋಶಕ್ಕೆ ಇಳಿದರೆ ಒಂದು ರೋಗದ ಜೊತೆಗೆ ಮತ್ತೊಂದು ಸೇರುವುದು. ನಾಯಿಮರಿಯು ಮತ್ತೆ ಮತ್ತೆ ವಾಂತಿ ಮಾಡುತ್ತ ರಕ್ತಭೇದಿಯಾಗುತ್ತಿದ್ದರೆ, ಮನೆಯ ಉಪಚಾರದಲ್ಲಿ ಒಂದು ರಾತ್ರಿಯನ್ನೂ ಕಳೆಯಬಾರದು. ಈರುಳ್ಳಿಯನ್ನು ತಿಂದಿದೆಯೆಂದು ತಿಳಿದ ಕೂಡಲೆ, ಲಕ್ಷಣಗಳು ತೋರುವವರೆಗೆ ಕಾಯದೆ, ಎಷ್ಟು ತಿಂದಿತು, ಯಾವಾಗ ತಿಂದಿತು, ನಾಯಿಯ ತೂಕವೆಷ್ಟು, ಈ ಮೂರನ್ನು ಬರೆದುಕೊಂಡು ಪಶುವೈದ್ಯರಲ್ಲಿಗೆ ಹೋಗಬೇಕು. ಅವರ ದೂರವಾಣಿಯ ಸಂಖ್ಯೆಯನ್ನು ಅಡಿಗೆಮನೆಯ ಗೋಡೆಯ ಮೇಲೆ ಬರೆದಿಟ್ಟರೆ ಇನ್ನೂ ಒಳ್ಳೆಯದು.

ನಾಯಿಗೆ ಅನ್ನವಿಡುವವರು ಮನೆಯಲ್ಲಿ ಒಬ್ಬರೇ ಅಲ್ಲ. ಮಕ್ಕಳು ತಮ್ಮ ತಟ್ಟೆಯಿಂದ ಗುಟ್ಟಾಗಿ ಹಾಕುವರು. ಬಂದ ನೆಂಟರು ಪ್ರೀತಿಯಿಂದ ಹಾಕುವರು. ಮನೆಗೆಲಸದವರು ಮಿಕ್ಕದ್ದು ಹಾಳಾಗದಿರಲೆಂದು ಹಾಕುವರು. ಹಾಕಿದವರಲ್ಲಿ ಯಾರೂ ಕೇಡನ್ನು ಬಗೆದವರಲ್ಲ. ನಮ್ಮ ನೆರೆಮನೆಯ ತಾಯಿಯು ತೊಡೆಯ ಮೇಲಿಟ್ಟುಕೊಂಡು ಕುಡಿಸಿದ ಸಾರಿನಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ನಾಯಿಗೆ ತಟ್ಟೆಯಲ್ಲಿರುವುದನ್ನು ವಿಚಾರಿಸುವ ಬುದ್ಧಿಯಿಲ್ಲ. ನಾವು ಹಾಕಿದುದನ್ನೆಲ್ಲ ನಂಬಿ ಉಣ್ಣುವುದು ಅದರ ಸ್ವಭಾವ. ಅದು ನಂಬಿದುದಕ್ಕೆ ತಕ್ಕಂತೆ ವಿಚಾರ ಮಾಡಬೇಕಾದವರು ನಾವು. ವಾಚಕರು ಈ ಲೇಖನವನ್ನು ತಾವು ಓದಿದುದಲ್ಲದೆ, ಮನೆಯಲ್ಲಿ ಸೌಟು ಹಿಡಿಯುವವರಿಗೂ, ಊಟದ ನಡುವೆ ಕೈಯಿಂದ ತುತ್ತು ಜಾರಿಸುವ ಮಕ್ಕಳಿಗೂ ಓದಿ ಹೇಳಿದರೆ ನಮ್ಮ ಶ್ರಮವು ಸಾರ್ಥಕವಾಗುವುದು.